ಪದ ಪರಿಚಯ: ಕಾಂಬಿನೇಷನ್ ಥೆರಪಿ

ನೆತ್ತಿ ತೆಳ್ಳಗಾಗುತ್ತಿದೆ ಎಂದು ಚರ್ಮದ ಡಾಕ್ಟರ ಬಳಿ ಹೋದ ಗಂಡಸರ ಚೀಟಿಯಲ್ಲಿ ಎಷ್ಟೋ ಸಲ ಎರಡು ಹೆಸರು ಒಟ್ಟಿಗೇ ಇರುತ್ತವೆ: ನುಂಗಲು ಫಿನಾಸ್ಟರೈಡ್ ಮಾತ್ರೆ, ಹಚ್ಚಲು ಮಿನಾಕ್ಸಿಡಿಲ್. ಇದಕ್ಕೇ ಕಾಂಬಿನೇಷನ್ ಥೆರಪಿ ಎನ್ನುವುದು. ಕನ್ನಡದಲ್ಲಿ ಜೋಡಿ ಚಿಕಿತ್ಸೆ ಅಂದರೆ ಸಾಕು. ಹೆಸರು ಕೇಳಿದವರು ಡೋಸ್ ಜಾಸ್ತಿ ಮಾಡಿದ್ದಾರೆ ಎಂದುಕೊಳ್ಳುವುದುಂಟು. ಹಾಗಲ್ಲ, ಎರಡರ ಕೆಲಸವೇ ಬೇರೆ.

ಬಕ್ಕತಲೆ ಶುರುವಾದವರ ಹಣೆಯಂಚನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡಿ. ದಪ್ಪ ಕಪ್ಪು ಕೂದಲ ಪಕ್ಕದಲ್ಲೇ ಕೂಸಿನ ತಲೆಗೂದಲಿನಂಥ ನವಿರು ಎಳೆಗಳಿರುತ್ತವೆ. ಹೊಸ ಕೂದಲು ಬರುತ್ತಿದೆ ಎಂದು ಅನೇಕರು ಸಮಾಧಾನಪಡುತ್ತಾರೆ. ಹೆಚ್ಚಿನವು ಸೊರಗುತ್ತಿರುವ ಹಳೆಯ ಬುಡಗಳಿಂದಲೇ ಬಂದವು. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಒಂದು ಕಿಣ್ವದಿಂದ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನಾಗಿ ಮಾರ್ಪಡುತ್ತದೆ. ವಂಶದಿಂದ ಆ ಗುಣ ಬಂದವರಲ್ಲಿ ನೆತ್ತಿಯ, ಹಣೆಯ ಬುಡಗಳು ಡಿಎಚ್‌ಟಿಗೆ ಸೋಲುತ್ತವೆ; ಉದುರಿ ಮತ್ತೆ ಬೆಳೆಯುವ ಒಂದೊಂದು ಸುತ್ತಿಗೂ ಹುಟ್ಟುವ ಕೂದಲು ಇನ್ನಷ್ಟು ತೆಳು, ಇನ್ನಷ್ಟು ಗಿಡ್ಡ. ಹಿಂದಲೆಯ ಬುಡಗಳಿಗೆ ಈ ಕಾಟ ಕಡಿಮೆ. ಕೂದಲು ಕಸಿಗೆ ಅಲ್ಲಿಂದಲೇ ಬುಡ ತೆಗೆಯುವುದು ಅದಕ್ಕೇ.

ಫಿನಾಸ್ಟರೈಡ್ ಆ ಕಿಣ್ವವನ್ನು ತಡೆಯುತ್ತದೆ. ದಿನಕ್ಕೆ 1 ಮಿ.ಗ್ರಾಂ. ತೆಗೆದುಕೊಂಡರೆ ರಕ್ತದಲ್ಲಿ ಡಿಎಚ್‌ಟಿ ಸುಮಾರು ಶೇ 70ರಷ್ಟು ಇಳಿಯುತ್ತದೆ. ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ ಬಂದ ಮದ್ದಿದು. ಕೂದಲಿಗೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದು ಕಂಡು ಅದನ್ನು ಹಚ್ಚುವ ಮದ್ದಾಗಿಸಿದರು. 1988ರಲ್ಲಿ ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿಯ ಗೋಜಿಗೇ ಹೋಗದೆ ಅದು ಕೂದಲು ಬೆಳೆಯುವ ಹಂತವನ್ನು ಹಿಗ್ಗಿಸುತ್ತದೆ. ಫಿನಾಸ್ಟರೈಡ್ ಕೆರೆಯ ತೂಬು ಮುಚ್ಚಿದಂತೆ, ಮಿನಾಕ್ಸಿಡಿಲ್ ಅದೇ ಕೆರೆಗೆ ನೀರು ಹಾಯಿಸಿದಂತೆ. ಎರಡೂ ಕೂಡಿದಾಗ ಒಂದೊಂದಕ್ಕಿಂತ ಹೆಚ್ಚು ಫಲ ಎಂಬುದು ಅಧ್ಯಯನಗಳಲ್ಲಿ ಕಂಡದ್ದು. ಬರೀ ಮಿನಾಕ್ಸಿಡಿಲ್ ಹಚ್ಚಿದರೆ ಕೂದಲು ಬಂದೀತು, ಆದರೆ ಕಾರಣ ಹಾಗೇ ಉಳಿಯುತ್ತದೆ.

ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೊಸ ಸುತ್ತಿಗೆ ಜಾಗ ಬಿಡಲು ಹಳೆಯದು ಹೋಗುತ್ತದೆ ಅಷ್ಟೇ. ಬಾಚಣಿಗೆ ತುಂಬ ಕೂದಲು ನೋಡಿ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಲ ತಿಳಿಯಲು ಆರು ತಿಂಗಳಾದರೂ ಬೇಕು, ಮತ್ತು ಮದ್ದು ನಿಲ್ಲಿಸಿದರೆ ಬಂದದ್ದು ತಿಂಗಳುಗಳಲ್ಲಿ ಹೋಗುತ್ತದೆ.

ಈಗ ಎರಡನ್ನೂ ಬೆರೆಸಿದ ಬಾಟಲಿಗಳೂ ಸಿಗುತ್ತವೆ. ಹಚ್ಚುವುದು ತಾನೇ ಎಂದು ಡಾಕ್ಟರನ್ನು ಕೇಳದೆ ಕೊಳ್ಳುವುದು ತಪ್ಪು. ಫಿನಾಸ್ಟರೈಡ್‌ನಿಂದ ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ಪ್ರಾಸ್ಟೇಟ್ ನೋಡುವ ಪಿಎಸ್‌ಎ ಪರೀಕ್ಷೆಯ ಅಂಕಿಯೂ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಬಾರದು. ಮನೆಯಲ್ಲಿ ಬೆಕ್ಕಿದ್ದರೆ ಮಿನಾಕ್ಸಿಡಿಲ್ ಹಚ್ಚಿದ ತಲೆ, ದಿಂಬಿನ ಹತ್ತಿರ ಅದನ್ನು ಬಿಡಬೇಡಿ. ಸ್ವಲ್ಪ ನೆಕ್ಕಿದರೂ ಅದರ ಜೀವಕ್ಕೆ ಅಪಾಯ.