ಕೇಬಲ್ ಬದಲಾಯಿತು, ಸುದ್ದಿ ಮುಟ್ಟಲಿಲ್ಲ

ಕಲಬುರಗಿಯ ಮೇ ತಿಂಗಳು. ಹೊರಗೆ ಬಿಸಿಲು 42 ಡಿಗ್ರಿ ದಾಟಿತ್ತು. ಸೇಡಂ ರಸ್ತೆಯ ಒಂದು ಸಂಸ್ಥೆಯ ಸರ್ವರ್ ಕೋಣೆಯಲ್ಲಿ ನಾವಿಬ್ಬರು ರ್‍ಯಾಕಿನ ಹಿಂದೆ ಕೂತು ಧೂಳು ಒರೆಸುತ್ತಿದ್ದೆವು. ಒಂದು ನೆಟ್‌ವರ್ಕ್ ಕೇಬಲ್ಲಿನ ಕ್ಲಿಪ್ ಮುರಿದಿತ್ತು. ಕೈ ತಾಗಿದ್ದೇ ತಡ, ಜಾರಿ ಹೊರಗೆ ಬಂತು. ಗಾಬರಿ ಆಗಲಿಲ್ಲ. ಆ ಸರ್ವರಿಗೆ ಎರಡು ಕೇಬಲ್ ಇದ್ದವು, ಎರಡೂ ಬೇರೆ ಬೇರೆ ಸ್ವಿಚ್ಚಿಗೆ, ಅಂದರೆ ಯಂತ್ರಗಳನ್ನು ಪರಸ್ಪರ ಜೋಡಿಸುವ ಪೆಟ್ಟಿಗೆಗೆ. ಒಂದು ಹೋದರೆ ಇನ್ನೊಂದು ಕೆಲಸ ಮಾಡಲಿ ಅಂತಲೇ ಹಾಕಿದ್ದು.

ಸರ್ವರ್ ತನ್ನ ಪಾಲಿನ ಕೆಲಸ ಸರಿಯಾಗಿಯೇ ಮಾಡಿತು. 100 ಮಿಲಿಸೆಕೆಂಡಿಗೊಮ್ಮೆ ಕೇಬಲ್ ನೋಡು ಅಂತ ಹೇಳಿದ್ದೆವು. ಅಷ್ಟರಲ್ಲೇ ಎರಡನೇ ಕೇಬಲ್ಲಿಗೆ ಹಾರಿತು. ಸ್ವಲ್ಪ ಹೊತ್ತಿಗೆ ಜೊತೆಗಿದ್ದವ ಲ್ಯಾಪ್‌ಟಾಪ್ ನೋಡಿ ಹೇಳಿದ: "ಹೋಸ್ಟ್ ಪಿಂಗ್ ಆಗ್ಲಿಕತ್ತದ ರಿ, ಲಾಗ್ ಮಾತ್ರ ಬರವಲ್ದು."

ಹೋಸ್ಟ್ ಅಂದರೆ ಆ ಸರ್ವರ್ ಯಂತ್ರ, ಪಿಂಗ್ ಅಂದರೆ ಅದನ್ನು ಕೂಗಿ ಉತ್ತರ ಪಡೆಯೋದು. ಲಾಗ್ ಸರ್ವರ್ ಆ ಯಂತ್ರದೊಳಗೆ ಸಾಫ್ಟ್‌ವೇರಿನಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಅಂದರೆ ಒಂದು ವರ್ಚುವಲ್ ಮೆಷಿನ್. ಬೇರೆ ಬೇರೆ ಸಬ್‌ನೆಟ್‌ಗಳಿಂದ (ನೆಟ್‌ವರ್ಕಿನ ಭಾಗಗಳಿಂದ) ಬರುವ ಸಂದೇಶ ಬರೆದುಕೊಳ್ಳೋದಷ್ಟೇ ಅದರ ಕೆಲಸ. ಅದರ ಫೈಲಿನಲ್ಲಿ ನಾಲ್ಕು ನಿಮಿಷಕ್ಕೂ ಜಾಸ್ತಿ ಹೊತ್ತು ಒಂದು ಸಾಲೂ ಇರಲಿಲ್ಲ. ಆಮೇಲೆ ಯಾರೂ ಏನೂ ಮಾಡದೆಯೇ ತಾನಾಗಿ ಶುರುವಾಯಿತು. ಆ ಖಾಲಿ ಜಾಗ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬ್ರಹ್ಮಪುರದಲ್ಲಿದ್ದ ಮನೆ ಬಿಟ್ಟು ಆಳಂದ ರಸ್ತೆಗೆ ಹೋದಿರಿ ಅನ್ನಿ. ಸಾಮಾನು ಒಂದೇ ದಿನದಲ್ಲಿ ಸಾಗಿಸಬಹುದು. ಆದರೆ ಪೋಸ್ಟ್‌ಮ್ಯಾನ್‌ಗೆ ಹೇಳದಿದ್ದರೆ ಕಾಗದ ಹಳೇ ಬಾಗಿಲಿಗೇ ಬೀಳುತ್ತದೆ ಅಲ್ವಾ? ಈಥರ್ನೆಟ್ ಸ್ವಿಚ್ ಕೂಡ ಹಾಗೆಯೇ. ಯಾವ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತು) ಯಾವ ಪೋರ್ಟಿಗೆ (ಕೇಬಲ್ ಸಿಕ್ಕಿಸುವ ಕಿಂಡಿ) ಫ್ರೇಮ್ (ಮಾಹಿತಿಯ ಕಟ್ಟು) ಬಂತು ಅನ್ನೋದನ್ನು ನೋಡಿ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಸಾಮಾನ್ಯವಾಗಿ ಆ ನೆನಪಿನ ಆಯುಷ್ಯ 300 ಸೆಕೆಂಡ್. ವಿಳಾಸದ ಮಾಲೀಕ ಹೊಸ ಜಾಗದಿಂದ ಒಂದು ಮಾತಾಡಿದರೆ ಸಾಕು, ನೆನಪು ತಿದ್ದಿಕೊಳ್ಳುತ್ತದೆ. ಮಾತಾಡದೆ ಸುಮ್ನೆ ಕೇಳುತ್ತಾ ಕೂತರೆ 300 ಸೆಕೆಂಡ್ ಮುಗಿಯುವವರೆಗೆ ಹಳೇ ಬಾಗಿಲೇ ಗತಿ. ನಮ್ಮ ಲಾಗ್ ಸರ್ವರ್ ಅಂಥ ಮೌನಿ.

ಮೊದಮೊದಲು ಈ ತೊಂದರೆ ಇರಲೇ ಇಲ್ಲ. ಒಂದು ಸರ್ವರ್, ಒಂದು ಕಾರ್ಡ್, ಒಂದು ತಂತಿ. ತಂತಿ ಹೋದರೆ ಸರ್ವರೂ ಹೋಯಿತು. ಐಪಿ ವಿಳಾಸಕ್ಕೆ ಮ್ಯಾಕ್ ವಿಳಾಸ ಹುಡುಕಿಕೊಡುವ ಎಆರ್‌ಪಿ ಬಂದಿದ್ದು 1982ರಲ್ಲಿ. ಎರಡು ದಾರಿ ಹಾಕೋಣ ಅಂದರೆ ಫ್ರೇಮುಗಳು ಸುತ್ತುತ್ತಲೇ ಇರುವ ಅಪಾಯ. ಅದಕ್ಕೆ 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಕೊಟ್ಟರು. 1990ರಲ್ಲಿ ಅದು ಐಇಇಇ 802.1ಡಿ ಅನ್ನೋ ಮಾನದಂಡ ಆಯಿತು. ಹೆಚ್ಚುವರಿ ದಾರಿಗಳನ್ನು ಮುಚ್ಚಿಟ್ಟು, ಬೇಕಾದಾಗ ತೆರೆಯುವ ಉಪಾಯ ಅದು. ಆದರೆ ತೆರೆಯಲು 30ರಿಂದ 50 ಸೆಕೆಂಡ್ ಬೇಕಾಗುತ್ತಿತ್ತು. ಸರ್ವರ್ ಆನ್ ಮಾಡಿದರೂ ಪೋರ್ಟ್ 30 ಸೆಕೆಂಡ್ ಕಾಯಿಸುತ್ತಿತ್ತು.

ಈ ಕಾಯುವಿಕೆ ತಪ್ಪಿಸಲು ಬಂದಿದ್ದೇ ಪೋರ್ಟ್‌ಫಾಸ್ಟ್. 'ಈ ಪೋರ್ಟಿನ ಆಚೆ ಸರ್ವರ್ ಮಾತ್ರ ಇದೆ, ಕಾಯಬೇಡ' ಅಂತ ಸ್ವಿಚ್ಚಿಗೆ ಹೇಳುವ ಸೆಟ್ಟಿಂಗ್. ಒಳ್ಳೆಯದೇ. ಆದರೆ ಇಲ್ಲೇ ಒಂದು ಎಡವಟ್ಟು ಆಯಿತು, ಬಹಳ ಜನ ಇದನ್ನು ಗಮನಿಸುವುದಿಲ್ಲ. ಸಾಮಾನ್ಯ ಪೋರ್ಟ್ ಬಿದ್ದರೆ ಹಳೇ ಸ್ಪ್ಯಾನಿಂಗ್ ಟ್ರೀ ಎಲ್ಲ ಸ್ವಿಚ್ಚಿಗೂ 'ಏನೋ ಬದಲಾಗಿದೆ, ಹಳೇ ನೆನಪು ಬೇಗ ಮರೆಯಿರಿ' ಅಂತ ಸಾರುತ್ತಿತ್ತು. 300 ಸೆಕೆಂಡಿನ ನೆನಪು 15 ಸೆಕೆಂಡಿಗೆ ಇಳಿಯುತ್ತಿತ್ತು. ಪೋರ್ಟ್‌ಫಾಸ್ಟ್ ಹಾಕಿದ ಪೋರ್ಟ್ ಬಿದ್ದರೆ ಈ ಸಾರುವಿಕೆ ಇಲ್ಲ. ಕಾಯುವುದು ತಪ್ಪಿತು, ಜೊತೆಗೆ ಸುದ್ದಿಯೂ ತಪ್ಪಿತು. ನಮ್ಮ ಕೋಣೆಯಲ್ಲಿ ಆಗಿದ್ದು ಇದೇ. ಕೇಬಲ್ ಜಾರಿದ ಸ್ವಿಚ್ ತಾನು ಮರೆಯಿತು, ಆದರೆ ಎರಡೂ ಸ್ವಿಚ್ ಸೇರುವ ಮೇಲಿನ ಕೋರ್ ಸ್ವಿಚ್ಚಿಗೆ ತಿಳಿಯಲಿಲ್ಲ. ಅದು ಫ್ರೇಮುಗಳನ್ನು ಹಳೇ ಕಡೆಗೇ ಕಳಿಸುತ್ತಾ ಹೋಯಿತು.

ಹಾಗಾದರೆ ಹೇಳಬೇಕಾದವರು ಯಾರು? ಸರ್ವರೇ ಹೇಳಲಿ ಅನ್ನೋದು ಒಂದು ಉತ್ತರ. ಎರಡು ಕೇಬಲ್ಲನ್ನು ಜೋಡಿಯಾಗಿ ನೋಡಿಕೊಳ್ಳೋದು ಲಿನಕ್ಸ್ ಬಾಂಡಿಂಗ್. ಒಂದು ಕೆಲಸ ಮಾಡುವಾಗ ಇನ್ನೊಂದನ್ನು ಕಾಯ್ದಿಡುವ ಅದರ ಆಕ್ಟಿವ್-ಬ್ಯಾಕಪ್ ಮೋಡ್ ಕೇಬಲ್ ಬದಲಿಸಿದ ತಕ್ಷಣ ಯಾರೂ ಕೇಳದಿದ್ದರೂ ಒಂದು ಎಆರ್‌ಪಿ ಕಳಿಸುತ್ತದೆ. ಗ್ರ್ಯಾಚುಯಿಟಸ್ ಎಆರ್‌ಪಿ ಅನ್ನುತ್ತಾರೆ. 'ನಾನೀಗ ಈ ಕಡೆ ಇದ್ದೇನೆ' ಅನ್ನುವ ಕೂಗು ಅದು. ಆದರೆ ಅದು ಕೂಗುವುದು ಹೋಸ್ಟಿನ ಹೆಸರಲ್ಲಿ. ಹೋಸ್ಟಿನೊಳಗಿನ ಸಾಫ್ಟ್‌ವೇರ್ ಸ್ವಿಚ್ಚಾದ ಬ್ರಿಡ್ಜ್ ಹಿಂದೆ ಕೂತ ವರ್ಚುವಲ್ ಮೆಷಿನ್‌ಗಳಿಗೆ ಅವುಗಳದೇ ಮ್ಯಾಕ್ ಇರುತ್ತದೆ, ಅವುಗಳ ಪರವಾಗಿ ಕೂಗುವವರಿಲ್ಲ. ಹೋಸ್ಟ್ ಪಿಂಗ್ ಆಗಿ ಲಾಗ್ ಬಾರದಿದ್ದಕ್ಕೆ ಕಾರಣ ಅಷ್ಟೇ. ವರ್ಚುವಲ್ ಮೆಷಿನ್ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಇದನ್ನು ಮೊದಲೇ ಅರಿತಿತ್ತು. ಅದರ 'ನೋಟಿಫೈ ಸ್ವಿಚಸ್' ಸೆಟ್ಟಿಂಗ್ ಪ್ರತಿ ವರ್ಚುವಲ್ ಮೆಷಿನ್ ಹೆಸರಲ್ಲೂ ಆರ್‌ಎಆರ್‌ಪಿ ಅನ್ನೋ ಬಗೆಯ ಒಂದು ಫ್ರೇಮ್ ಕಳಿಸುತ್ತದೆ.

ಇನ್ನೊಂದು ದಾರಿ, ಎರಡೂ ಕೇಬಲ್ ಸೇರಿಸಿ ಒಂದೇ ಮಾಡೋದು. 1990ರ ದಶಕದ ಶುರುವಿನಲ್ಲಿ ಕಲ್ಪನಾ ಅನ್ನೋ ಕಂಪನಿ ಈಥರ್‌ಚಾನೆಲ್ ತಂದಿತು. ಹೆಸರು ಎಷ್ಟು ನಮ್ಮದು ಅನಿಸುತ್ತದೆ ನೋಡಿ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. 2000ದಲ್ಲಿ ಇದಕ್ಕೆ 802.3ಎಡಿ ಅನ್ನೋ ಮಾನದಂಡ ಬಂತು, ಅದರೊಂದಿಗೆ ಎಲ್‌ಎಸಿಪಿ. ಎರಡೂ ತುದಿ ಪರಸ್ಪರ 'ಇದ್ದೀಯಾ?' ಅಂತ ಕೇಳಿಕೊಳ್ಳುತ್ತವೆ. ನಿಧಾನದ ಲೆಕ್ಕದಲ್ಲಿ 30 ಸೆಕೆಂಡಿಗೊಮ್ಮೆ, ವೇಗದ ಲೆಕ್ಕದಲ್ಲಿ ಸೆಕೆಂಡಿಗೊಮ್ಮೆ. ಮೂರು ಸಲ ಉತ್ತರ ಬಾರದಿದ್ದರೆ ಆ ಕೇಬಲ್ ಕೈಬಿಡುತ್ತವೆ. ದೀಪ ಹಸಿರಿದ್ದೂ ದಾರಿ ಸತ್ತಿದ್ದರೆ 90 ಸೆಕೆಂಡ್ ಕಾಯಬೇಕೋ 3 ಸೆಕೆಂಡೋ ಅನ್ನೋದು ಈ ಒಂದು ಸೆಟ್ಟಿಂಗ್ ಮೇಲಿದೆ. ಕೊರತೆ ಒಂದೇ: ಎರಡೂ ಕೇಬಲ್ ಒಂದೇ ಸ್ವಿಚ್ಚಿಗೆ ಹೋಗಬೇಕು. ಸ್ವಿಚ್ಚೇ ಸತ್ತರೆ?

ಅದಕ್ಕೆ ಎಂಲ್ಯಾಗ್ ಬಂತು. ಎರಡು ಸ್ವಿಚ್ ಒಂದೇ ಅನ್ನುವಂತೆ ನಟಿಸುತ್ತವೆ. ಒಬ್ಬೊಬ್ಬ ತಯಾರಕನದೂ ಒಂದೊಂದು ಹೆಸರು, ಒಂದೊಂದು ರೀತಿ. ಜೋಡಿಯ ಎರಡೂ ಸ್ವಿಚ್ ಒಂದೇ ಕಂಪನಿಯದಾಗಿರಬೇಕು.

ನಿಜವಾದ ತಿರುವು ಬಂದಿದ್ದು ಲೀಫ್-ಸ್ಪೈನ್ ಫ್ಯಾಬ್ರಿಕ್‌ಗಳಲ್ಲಿ. ಸರ್ವರ್ ಕಟ್ಟುವ ಪ್ರತಿ ಲೀಫ್ ಸ್ವಿಚ್ಚೂ ಮೇಲಿನ ಎಲ್ಲ ಸ್ಪೈನ್ ಸ್ವಿಚ್ಚಿಗೂ ಸೇರುವ ಜಾಲ ಅದು. ಅವುಗಳ ಬೇರು 1953ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲಾಸ್ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಬರೆದ ಲೆಕ್ಕದಲ್ಲಿದೆ. ಫ್ರೇಮುಗಳನ್ನು ಐಪಿ ಜಾಲದ ಮೇಲೆ ಸಾಗಿಸುವ ವಿಎಕ್ಸ್‌ಲ್ಯಾನ್ 2014ರಲ್ಲಿ, ಯಾವ ವಿಳಾಸ ಎಲ್ಲಿದೆ ಅಂತ ಸಾರುವ ಇವಿಪಿಎನ್ 2015ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮದ ದಾಖಲೆ) ಆಗಿ ಬಂದವು. ಇಲ್ಲಿ ಸ್ವಿಚ್ ತಾನು ಕಲಿತ ಮ್ಯಾಕ್ ವಿಳಾಸವನ್ನು ಬಿಜಿಪಿ ಅನ್ನೋ, ದಾರಿಯ ಸುದ್ದಿ ಹಂಚುವ ಪ್ರೋಟೋಕಾಲ್ ಮೂಲಕ ಉಳಿದವರಿಗೆ ಹೇಳುತ್ತದೆ. ಪೋರ್ಟ್ ಬಿದ್ದರೆ ಹೇಳಿದ್ದನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ಆ ವಿಳಾಸ ಇನ್ನೊಂದು ಲೀಫ್‌ನಲ್ಲಿ ಕಂಡರೆ ಅದು ಒಂದು ಅಂಕಿ ಜಾಸ್ತಿ ಮಾಡಿ ಸಾರುತ್ತದೆ, ದೊಡ್ಡ ಅಂಕಿಯವರ ಮಾತೇ ನಡೆಯುತ್ತದೆ. ಎರಡು ಲೀಫ್‌ಗೆ ಎಲ್‌ಎಸಿಪಿ ಮೂಲಕ ಕಟ್ಟಿದ ಸರ್ವರಾದರೆ ಇನ್ನೂ ಚೆಂದ. ಕೇಬಲ್ ಹೋದಾಗ ಲೀಫ್ ಒಂದೇ ಮಾರ್ಗವನ್ನು ಹಿಂತೆಗೆದುಕೊಂಡರೂ ಅದರ ಹಿಂದಿನ ಎಲ್ಲ ವಿಳಾಸಗಳೂ ಒಟ್ಟಿಗೆ ಆಚೆ ಕಡೆ ತಿರುಗುತ್ತವೆ. ಮೌನಿಯೂ ಬಚಾವ್.

ಆದರೂ ಮುರಿದ ಕ್ಲಿಪ್ಪಿಗೆ ಇಲ್ಲೂ ಮದ್ದಿಲ್ಲ. ಸಡಿಲ ಕೇಬಲ್ ಬಂದು ಹೋಗಿ ಮಾಡಿದರೆ, ಆಕ್ಟಿವ್-ಬ್ಯಾಕಪ್‌ನಲ್ಲಿ ವಿಳಾಸ ಎರಡು ಲೀಫ್ ನಡುವೆ ಜೋಕಾಲಿ ಆಡುತ್ತದೆ. 180 ಸೆಕೆಂಡಿನಲ್ಲಿ 5 ಸಲ ಜಾಗ ಬದಲಿಸಿದರೆ ಇವಿಪಿಎನ್ ಅದನ್ನು ನಕಲಿ ವಿಳಾಸ ಅಂತ ಭಾವಿಸುತ್ತದೆ, ಆ ವಿಳಾಸದ ಹೊಸ ಸುದ್ದಿ ಕೇಳುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಬಾಂಡಿಂಗ್‌ನಲ್ಲಿ ಅಪ್‌ಡಿಲೇ ಇರೋದು. ಕೇಬಲ್ ವಾಪಸ್ ಬಂದ ಕೂಡಲೇ ಓಡಿ ಹೋಗದೆ ಸ್ವಲ್ಪ ತಡೆಯುತ್ತದೆ. ಲೀಫ್ ರೀಬೂಟ್ ಆದಾಗಲೂ ಇದೇ ತಡೆ ಬೇಕು. ಬಿಜಿಪಿ ಏಳುವ ಮುಂಚೆಯೇ ಸರ್ವರ್ ಪೋರ್ಟಿನ ದೀಪ ಹತ್ತಿದರೆ ಸರ್ವರ್ ಖಾಲಿ ಬಾವಿಗೆ ಬಿಂದಿಗೆ ಇಳಿಸಿದಂತೆ.

ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಕೆಲವರು ಸರ್ವರಿನಲ್ಲೇ ಬಿಜಿಪಿ ಓಡಿಸುತ್ತಾರೆ. ನಮ್ಮ ಊರಿನ ಎರಡು ರ್‍ಯಾಕಿನ ಕೋಣೆಗೆ ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಾವು ಆಕ್ಟಿವ್-ಬ್ಯಾಕಪ್ಪನ್ನೇ ಉಳಿಸಿಕೊಂಡೆವು. ಲಾಗ್ ಸರ್ವರಿನೊಳಗೆ 20 ಸೆಕೆಂಡಿಗೊಮ್ಮೆ ಗೇಟ್‌ವೇಗೆ (ಬೇರೆ ಸಬ್‌ನೆಟ್‌ಗಳಿಗೆ ಹೋಗುವ ಬಾಗಿಲು) ಪಿಂಗ್ ಮಾಡುವ ಚಿಕ್ಕ ಸ್ಕ್ರಿಪ್ಟ್ ಹಾಕಿದೆವು, ಮೌನಿ ಆಗಾಗ ಮಾತಾಡಲಿ ಅಂತ. ಆ ಕೇಬಲ್ಲೂ ಬದಲಾಯಿತು.

ಈಗ ತಿಂಗಳಿಗೊಮ್ಮೆ, ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ, ಒಬ್ಬರು ರ್‍ಯಾಕಿನ ಹಿಂದೆ ಹೋಗಿ ಕೇಬಲ್ ಎಳೆಯುತ್ತೇವೆ. ಇನ್ನೊಬ್ಬರು ಲಾಗ್ ಫೈಲಿನ ಮುಂದೆ ಕೂತು ಸೆಕೆಂಡ್ ಎಣಿಸುತ್ತೇವೆ. ಕಳೆದ ಸಲ ಎಣಿಕೆ 14ಕ್ಕೆ ನಿಂತಿತು.