ಶೆಲ್ಟರ್‌ಗೆ ಏನು ತರಲಿ? ಹಾಲೊಂದು ಬಿಟ್ಟು ಹೇಳಿ

ಪ್ರಶ್ನೆ: ಮನೆಯಲ್ಲಿ ನಾಯಿ, ಬೆಕ್ಕು ಸಾಕುವ ಸ್ಥಿತಿ ಇಲ್ಲ. ಆದರೆ ಹತ್ತಿರದ ಸಣ್ಣ ಶೆಲ್ಟರ್‌ಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಬರುವಾಗ ಏನು ತರಲಿ? ಮರಿಗಳಿಗೆ ಹಾಲು ತಂದರೆ ಆಗುತ್ತಾ?

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಒಗೆದ ಹಳೇ ಟವೆಲ್, ಬೆಡ್‌ಶೀಟ್, ಓದಿ ಮುಗಿದ ಪೇಪರ್ ತನ್ನಿ. ದಿಂಬು ಬೇಡ, ನಾಯಿಗಳು ಹರಿದು ಹತ್ತಿ ನುಂಗುತ್ತವೆ. ಫೀನಾಲ್ ಇರುವ ಫಿನಾಯಿಲ್ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಬ್ಲೀಚ್ ತನ್ನಿ. ನಾಯಿಮರಿಗಳಿಗೆ ಜೀವ ತೆಗೆಯುವಂಥ ವಾಂತಿ-ಭೇದಿ ತರುವ ಪಾರ್ವೊ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ, ಬ್ಲೀಚ್ ಅದನ್ನು ಕೊಲ್ಲುತ್ತದೆ. ದುಡ್ಡು ಕೊಡುವುದಾದರೆ ಸ್ವಲ್ಪವೇ ಇರಲಿ, ತಿಂಗಳು ತಿಂಗಳು ಕೊಡಿ. ಪ್ರಾಣಿಗಳ ಹೊಟ್ಟೆ ವರ್ಷಕ್ಕೊಮ್ಮೆ ಹಸಿಯುವುದಿಲ್ಲವಲ್ಲ.

ಇನ್ನು ಹಾಲು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಬೆಕ್ಕು ಅಂದರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕಣ್ಣು ಬಿಡದ ಮರಿಗೆ ಹಸುವಿನ ಹಾಲು ಊಟವೇ ಅಲ್ಲ. ತಾಯಿ ಬೆಕ್ಕು, ತಾಯಿ ನಾಯಿಯ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನ ಸುಮಾರು ಎರಡರಷ್ಟು ಇರುತ್ತದೆ. ಹಸುವಿನ ಹಾಲು ಕೊಡುವ ಶಕ್ತಿಗೆ ಹೋಲಿಸಿದರೆ ಅದರಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಜಾಸ್ತಿ. ಅದು ಅರಗದೆ ಭೇದಿ ಶುರುವಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಮರಿ ಅದು. ಒಂದೆರಡು ದಿನದ ಭೇದಿಗೇ ಮೈಯ ನೀರೆಲ್ಲ ಹೋಗಿ ಸತ್ತುಹೋಗಬಹುದು.

'ನೀರು ಬೆರೆಸಿ ಕೊಟ್ಟರೆ?' ಅಂತ ಕೇಳುತ್ತಾರೆ. ಮೊದಲೇ ಕಮ್ಮಿ ಇರುವ ಪ್ರೋಟೀನ್ ಇನ್ನೂ ಕಮ್ಮಿಯಾಯಿತು, ಅಷ್ಟೇ. 'ನಮ್ಮನೆ ಬೆಕ್ಕು ಹಾಲು ಕುಡಿದೇ ಬೆಳೆದಿದ್ದು' ಅನ್ನುವವರೂ ಇದ್ದಾರೆ. ಅದು ತಾಯಿ ಮೊಲೆ ಕುಡಿದು ಎದ್ದು, ಆಮೇಲೆ ಇಲಿ ಹಿಡಿದು ತಿಂದು ಬೆಳೆದಿದ್ದು. ತಟ್ಟೆಯ ಹಾಲು ನಿಮ್ಮ ಕಣ್ಣಿಗೆ ಬಿತ್ತು, ಇಲಿ ಬೀಳಲಿಲ್ಲ. ಎಷ್ಟೋ ದೊಡ್ಡ ಬೆಕ್ಕುಗಳಿಗೂ ಹಾಲು ಅರಗುವುದಿಲ್ಲ. ಚಪ್ಪರಿಸಿ ಕುಡಿಯುತ್ತವೆ ನಿಜ, ಆಮೇಲೆ ಒರೆಸುವವರು ನಾವು.

ಮರಿಗಳಿಗೆ ಅಂತಲೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಕೊಡಲೇಬೇಕು ಅನ್ನಿಸಿದರೆ ಅದನ್ನು ಕೊಡಿ. ಅದಕ್ಕಿಂತ ಒಳ್ಳೆಯದು, ನಿಮ್ಮ ಒಂದು ರಾತ್ರಿ ಕೊಡಿ. ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು, ಅದೂ ಬೋರಲು ಮಲಗಿಸಿ. ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಪ್ರತಿ ಸಲವೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಬದಿ ಮೆಲ್ಲಗೆ ಒರೆಸಬೇಕು. ಸುಮಾರು ಮೂರು ವಾರ ಆಗುವ ತನಕ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಇಷ್ಟು ಕಲಿತವರು ನಮಗೆ ಹತ್ತು ಲೀಟರ್ ಹಾಲಿಗಿಂತ ದೊಡ್ಡವರು.

ನೀವು ಕೇಳಿಲ್ಲ, ಆದರೂ ಇನ್ನೊಂದು. ಮೂಲೆಯಲ್ಲಿ ಮರಿಗಳು ಕಂಡ ತಕ್ಷಣ ಎತ್ತಿಕೊಂಡು ಓಡಿ ಬರಬೇಡಿ. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿ ಸುಮ್ನೆ ಮಲಗಿದ್ದರೆ ತಾಯಿ ಆಹಾರ ಹುಡುಕಿಕೊಂಡು ಹೋಗಿರುತ್ತಾಳೆ. ನೀವು ಅಲ್ಲೇ ನಿಂತರೆ ಅವಳು ಬರುವುದಿಲ್ಲ. ಮನುಷ್ಯರ ವಾಸನೆ ತಗುಲಿದರೆ ಮರಿಯನ್ನು ಬಿಟ್ಟೇಬಿಡುತ್ತಾಳೆ ಅನ್ನುವುದು ಸುಳ್ಳು. ದೂರ ಹೋಗಿ, ಕೆಲವು ಗಂಟೆ ಕಾದು ನೋಡಿ. ಮರಿಗಳು ತಣ್ಣಗಾಗಿದ್ದರೆ, ಬಿಡದೆ ಕಿರುಚುತ್ತಿದ್ದರೆ ಮಾತ್ರ ಕಾಯಬೇಡಿ. ಟವೆಲ್‌ನಲ್ಲಿ ಸುತ್ತಿ ಮೈಗೆ ಒತ್ತಿ ಹಿಡಿದುಕೊಳ್ಳಿ. ಮೈ ಬಿಸಿಯಾಗುವ ಮುಂಚೆ ಏನೂ ಕುಡಿಸಬೇಡಿ, ತಣ್ಣಗಿರುವ ಮರಿಗೆ ಅರಗುವುದಿಲ್ಲ. ಹೊರಡುವಾಗ ಒಂದು ಫೋನ್ ಮಾಡಿ. ನೀವು ಬರುವಷ್ಟರಲ್ಲಿ ನಾವು ಪುಡಿ ಕಲಸಿಟ್ಟಿರುತ್ತೇವೆ.