ನಿಂತ ಕಾರಿನ ಕೀ ತಿರುಗಿಸುವ ಮೊದಲು

2025ರ ಆಗಸ್ಟ್. ಶಿವಮೊಗ್ಗದಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರು ನನ್ನ ಗ್ಯಾರೇಜಿಗೆ ಫೋನ್ ಮಾಡಿದರು. "ಅಣ್ಣಾ, 40 ಸಾವಿರಕ್ಕೆ ಒಂದು ಮಾರುತಿ 800 ಸಿಗ್ತಾ ಇದೆ. 2008ರ ಗಾಡಿ, ಮೀಟರಲ್ಲಿ ಬರೀ 38 ಸಾವಿರ ಕಿಲೋಮೀಟರ್. ಬ್ಯಾಟರಿ ಹಾಕಿದ್ರೆ ಸ್ಟಾರ್ಟ್ ಆಗುತ್ತೆ ಅಂತಿದಾರೆ. ತಗೊಳ್ಳಲಾ?" ಎಷ್ಟು ವರ್ಷದಿಂದ ನಿಂತಿದೆ ಅಂತ ಕೇಳಿದೆ. ನಾಲ್ಕು ವರ್ಷ ಅಂದರು. "ಮೇಷ್ಟ್ರೇ, ಬ್ಯಾಟರಿ ಹಾಕೋಕೆ ಬಿಡಬೇಡಿ. ಭಾನುವಾರ ನಾನೇ ಬರ್ತೀನಿ" ಅಂದೆ.

ಕಡಿಮೆ ಓಡಿದೆ ಅನ್ನುವುದನ್ನು ಎಲ್ಲರೂ ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ. ನಿಂತ ಗಾಡಿಗೆ ಆ ಲೆಕ್ಕ ನಡೆಯುವುದಿಲ್ಲ. ಓಡುವ ಗಾಡಿ ಸವೆಯುತ್ತದೆ, ಸವೆದದ್ದನ್ನು ಬದಲಾಯಿಸಬಹುದು. ನಿಂತ ಗಾಡಿ ಒಳಗಿಂದ ಕೆಡುತ್ತದೆ. ರಬ್ಬರ್ ಒಣಗುತ್ತದೆ, ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಇಲಿಗಳು ಮನೆ ಮಾಡುತ್ತವೆ. ಇದರಲ್ಲಿ ಯಾವುದೂ ಮೀಟರಿನಲ್ಲಿ ಕಾಣುವುದಿಲ್ಲ.

ಭಾನುವಾರ ಹೋದೆ. ಅಡಿಕೆ ತೋಟದ ಪಕ್ಕದ ಶೆಡ್ಡಿನಲ್ಲಿ ಕಾರು ನಿಂತಿತ್ತು. ಮೇಷ್ಟ್ರು ಬಾನೆಟ್ ತೆಗೆಯೋಕೆ ಹೋದರು, ನಾನು ಬೇಡ ಅಂದೆ. ನಾನು ಮೊದಲು ನೋಡುವುದು ನೆಲ. ಮ್ಯಾಟ್ ಎತ್ತಿ, ಅದರ ಕೆಳಗಿನ ಕಾರ್ಪೆಟ್ಟನ್ನೂ ಎತ್ತಿ, ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತೇನೆ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ತುಕ್ಕು ತಿಂದು ಹೋಗಿದ್ದರೆ ಸದ್ದೇ ಸತ್ತಿರುತ್ತದೆ, ಎಷ್ಟೋ ಸಲ ಸ್ಕ್ರೂಡ್ರೈವರೇ ಒಳಗೆ ಇಳಿಯುತ್ತದೆ. ಆಮೇಲೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ. ಬ್ಯಾಟರಿ ಟ್ರೇ ಕೆಳಗೆ. ಬಾಗಿಲುಗಳ ತಳದಲ್ಲಿ. ಎಲ್ಲಕ್ಕಿಂತ ಮುಖ್ಯ, ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಬಂದು ಕೂರುವ ಜಾಗ. ಅಲ್ಲಿ ತುಕ್ಕು ಹಿಡಿದು ತಗಡು ಬಿರಿದಿದ್ದರೆ ನಾನು ಆ ಗಾಡಿ ಬೇಡ ಅಂತಲೇ ಹೇಳುತ್ತೇನೆ, ಬೆಲೆ ಎಷ್ಟೇ ಇರಲಿ, ಯಾಕೆಂದರೆ ಇಡೀ ಚಕ್ರದ ಭಾರ ಹೊರುವುದು ಅದೇ ಜಾಗ. ಎಂಜಿನ್ ಹೋದರೆ ಇನ್ನೊಂದು ಎಂಜಿನ್ ಇಳಿಸಬಹುದು. ಬಾಡಿ ಹೋದರೆ ಆ ಕಾರೇ ಹೋದಂತೆ. ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಗೆ ಇದು ಇನ್ನೂ ಬೇಗ ಆಗುತ್ತದೆ.

ಹೊಸ ಪೇಂಟ್ ಹೊಡೆದು ಹೊಳೆಯುವಂತೆ ಮಾಡಿಟ್ಟ ಗಾಡಿಗಿಂತ, ಮಾಸಿದ ಹಳೆಯ ಪೇಂಟಿನ ಗಾಡಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಹೊಸ ಪೇಂಟಿನ ಕೆಳಗೆ ತುಕ್ಕು ಮುಚ್ಚಲು ಪುಟ್ಟಿ ತುಂಬಿದ ಜಾಗಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಒಂದು ಚಿಕ್ಕ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಂಡು ಹೋಗಿ, ಖರ್ಚೇನಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೂ ಎಳೆದು ನೋಡಿ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2018ರಲ್ಲಿ ಕೊಡಗು, 2022ರಲ್ಲಿ ಬೆಂಗಳೂರು ಮುಳುಗಿದ್ದು ನೆನಪಿದೆ ಅಲ್ವಾ? ನೀರು ಕುಡಿದ ಗಾಡಿ ಕೈ ಬದಲಾಗುತ್ತಾ ಎಲ್ಲಿಗೆ ಬೇಕಾದರೂ ಬರಬಹುದು.

ಮೇಷ್ಟ್ರ ಗಾಡಿಯ ನೆಲ ಡ್ರೈವರ್ ಕಡೆ ಅಂಗೈ ಅಗಲ ತಿಂದಿತ್ತು. ಉಳಿದದ್ದು ಗಟ್ಟಿ. ತಗೋಬಹುದು ಅಂದೆ, ಆದರೆ ಕಾಗದ ನೋಡಿ ಆಮೇಲೆ.

ಕಾಗದದಲ್ಲೇ ದೊಡ್ಡ ತೊಡಕಿತ್ತು. ಆರ್‌ಸಿ (ನೋಂದಣಿ ಪತ್ರ) ಇದ್ದದ್ದು ತೀರಿಕೊಂಡ ಯಜಮಾನರ ಹೆಸರಲ್ಲಿ. ಮಾರುತ್ತಿದ್ದದ್ದು ಅವರ ಮಗ. ಮಗ ಮೊದಲು ಫಾರಂ 31 ಕೊಟ್ಟು, ವಾರಸುದಾರರ ದಾಖಲೆ ತೋರಿಸಿ, ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಫಾರಂ 29 ಮತ್ತು 30ರಲ್ಲಿ ಮೇಷ್ಟ್ರಿಗೆ ಕೊಡಬೇಕು. ಹಳೆಯ ಸಾಲ ಆರ್‌ಸಿಯಲ್ಲಿ ಹಾಗೇ ಕೂತಿದ್ದರೆ ತಕರಾರಿಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಆ ಸಾಲದ ನಮೂದು ತೆಗೆಸುವ ಫಾರಂ 35 ಕೂಡ ಬೇಕು. ಇದನ್ನೆಲ್ಲ ಬಿಟ್ಟು "ಸಹಿ ಹಾಕಿ ಕೊಡ್ತೀವಿ, ನೀವೇ ಮಾಡಿಸ್ಕೊಳ್ಳಿ" ಅನ್ನುವವರ ಮಾತು ಕೇಳಬೇಡಿ. ತೀರಿಹೋದವರ ಸಹಿ ಯಾರು ಹಾಕುತ್ತಾರೆ?

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ 20 ವರ್ಷ ದಾಟದ ಕಾರಿಗೆ ಅದರ ಶುಲ್ಕ 5,000 ರೂಪಾಯಿ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಮೇಲೆ ಬೀಳುತ್ತದೆ. ಈ ಗಾಡಿಯ ನೋಂದಣಿ 2023ರ ಜೂನ್‌ನಲ್ಲೇ ಮುಗಿದಿತ್ತು. 26 ತಿಂಗಳು ಅಂದರೆ 13,000. ಶುಲ್ಕ ಸೇರಿ 18,000! ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಮೇಷ್ಟ್ರ ಮುಖ ಸಪ್ಪಗಾಯಿತು. ಇದನ್ನೇ ಮುಂದಿಟ್ಟುಕೊಂಡು ಮಾತಾಡಿ ಅಂದೆ. ಮಾರುವವರು ಒಳ್ಳೆಯವರು, ಎಂಟು ಸಾವಿರ ಇಳಿಸಿದರು. ಹೆಸರು ಬದಲಾಗುವ ತನಕ ಮೇಷ್ಟ್ರು ಪೂರ್ತಿ ದುಡ್ಡು ಕೊಡಲಿಲ್ಲ, ಅದು ಸರಿಯಾದ ಕೆಲಸ.

ಹೊರ ರಾಜ್ಯದ ಗಾಡಿ ಅಗ್ಗ ಅಂತ ತರುವವರಿಗೂ ಒಂದು ಮಾತು. ಇಲ್ಲಿಗೆ ತಂದು ಕೆಎ ನಂಬರ್ ಮಾಡಿಸಬೇಕಾದರೆ ಅಲ್ಲಿಯ ಎನ್‌ಒಸಿ ಬೇಕು, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ್ದು ಅಲ್ಲೇ ಹೋಗುತ್ತದೆ.

ಇನ್ನು ಎಂಜಿನ್. ಕಾರನ್ನು ಗ್ಯಾರೇಜಿಗೆ ತಂದದ್ದು ಲಾರಿಯ ಮೇಲೆ. ನಾಲ್ಕು ವರ್ಷ ನಿಂತ ಎಂಜಿನ್ನಿನಲ್ಲಿ ಆಯಿಲ್ ಎಲ್ಲ ಕೆಳಗಿಳಿದು ಸಿಲಿಂಡರ್ ಗೋಡೆ ಒಣಗಿರುತ್ತದೆ, ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿಕೊಂಡಿರಲೂಬಹುದು. ಅಂಥದ್ದಕ್ಕೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ ಒಣ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಒಂದೇ ನಿಮಿಷದಲ್ಲಿ ಒಳ್ಳೆಯ ಎಂಜಿನ್ ಹಾಳಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟೆವು. ಬೆಳಗ್ಗೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ತಿರುಗಿತು. ಎರಡು ಸುತ್ತು ಸಲೀಸಾಗಿ ಬಂದ ಮೇಲೆ ಹಳೆಯ ಆಯಿಲ್ ಇಳಿಸಿ ಹೊಸದು ಮತ್ತು ಫಿಲ್ಟರ್ ಹಾಕಿದೆವು. ಟೈಮಿಂಗ್ ಬೆಲ್ಟನ್ನೂ ಆಗಲೇ ಬದಲಿಸಿದೆವು. ಬೆಲ್ಟಿಗೆ ಕಿಲೋಮೀಟರ್ ನೋಡಬೇಡಿ, ವಯಸ್ಸು ನೋಡಿ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಅಡಿಕೆ ಸಿಪ್ಪೆಯ ನಾರು ತುಂಬಿ ಇಲಿ ಗೂಡು ಕಟ್ಟಿತ್ತು. ಇಂಜೆಕ್ಟರ್‌ಗೆ ಹೋಗುವ ಎರಡು ವೈರ್ ಕಡಿದಿತ್ತು. ಸೆಲ್ಫ್ ಹೊಡೆದಿದ್ದರೆ ಆ ನಾರೆಲ್ಲ ಎಂಜಿನ್ ಕಡೆಗೆ ಎಳೆದುಕೊಳ್ಳುತ್ತಿತ್ತು.

ಟ್ಯಾಂಕಿನ ಪೆಟ್ರೋಲ್ ಪೇಂಟ್ ಅಂಗಡಿ ವಾಸನೆ ಹೊಡೆಯುತ್ತಿತ್ತು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಜಾಸ್ತಿ ದಿನ ನಿಂತರೆ ನೀರು ತಳಕ್ಕೆ ಇಳಿದು ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಪಂಪ್ ಬದಲಿಸಿ, ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಎಲ್ಲ ಹೊಸದು ಹಾಕಿದೆವು. ಈಗ ಬಂಕಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು, 2008ರ ಪೈಪನ್ನು ಅದಕ್ಕೆಂದು ಮಾಡಿದ್ದಲ್ಲ.

ಪಂಪಿನ ಫ್ಯೂಸ್ ತೆಗೆದು, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು, ಆಯಿಲ್ ದೀಪ ಆರಿದ ಮೇಲೆ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡಿದೆವು. ಮೂರೂ ಹೆಚ್ಚು ಕಡಿಮೆ ಒಂದೇ. ಒಂದು ಸಿಲಿಂಡರ್ ಮಾತ್ರ ಕಡಿಮೆ ಇದ್ದರೆ ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಿ. ಪ್ಲಗ್, ಫ್ಯೂಸ್ ವಾಪಸ್ ಹಾಕಿ ಕೀ ತಿರುಗಿಸಿದ್ದು ಗಾಡಿ ಬಂದ ಐದನೇ ದಿನ. ಎರಡನೇ ಸೆಲ್ಫಿಗೆ ಹಿಡಿಯಿತು. ಮೇಷ್ಟ್ರು ಅಲ್ಲೇ ಇದ್ದರು, ಕಣ್ಣಲ್ಲಿ ನೀರಿತ್ತು.

ಆದರೆ ಸ್ಟಾರ್ಟ್ ಆಯಿತು ಅಂತ ರಸ್ತೆಗೆ ಬಿಡಲಿಲ್ಲ. ಬ್ರೇಕ್ ಕೆಲಸ ಆಗದೆ ನಾನು ಯಾರಿಗೂ ಗಾಡಿ ಕೊಡುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರಿಂದ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿದ್ದವು, ಆ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿತ್ತು. ಟೈರ್‌ಗಳಲ್ಲಿ ಮೇಲಿನ ಗೆರೆಗಳು ಸವೆಯದೆ ಚೆನ್ನಾಗೇ ಇದ್ದವು, ಆದರೆ ಪಕ್ಕದಲ್ಲಿರುವ ನಾಲ್ಕು ಅಂಕಿ 3114. ಅಂದರೆ 2014ರ 31ನೇ ವಾರದ ಟೈರ್. ಹನ್ನೊಂದು ವರ್ಷ! ಮೇಷ್ಟ್ರು ತಮ್ಮ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಗೊಂಡ ಗಾಡಿ, ಆಗುಂಬೆ ಘಾಟಿಯಲ್ಲಿ ಇಳಿಯುವ ಗಾಡಿ. ನಾಲ್ಕೂ ತೆಗೆಸಿದೆ. ಮೇಷ್ಟ್ರು ಪೇಂಟ್ ಮಾಡಿಸೋಣ ಅಂತಿದ್ದರು, ಆ ದುಡ್ಡು ಟೈರಿಗೆ ಹೋಯಿತು.

ನೆಲದ ಟಿಂಕರಿಂಗ್, ವೈರಿಂಗ್, ಬ್ಯಾಟರಿ ಎಲ್ಲ ಸೇರಿ ಗ್ಯಾರೇಜಿನ ಬಿಲ್ 42,500 ಆಯಿತು. ಆರ್‌ಟಿಒ 18,000. 32 ಸಾವಿರದ ಕಾರು ರಸ್ತೆಗೆ ಬರುವಷ್ಟರಲ್ಲಿ 92 ಸಾವಿರ ದಾಟಿತ್ತು. ಹಾಗಾಗಿ ಅಗ್ಗದ ಕಾರು ನೋಡಲು ಹೋಗುವವರಿಗೆ ನಾನು ಹೇಳುವುದು, ಕೈಯಲ್ಲಿ ಲಕ್ಷ ಇದ್ದರೆ 35 ಸಾವಿರದ ಗಾಡಿ ನೋಡಿ, ಲಕ್ಷದ್ದೇ ನೋಡಬೇಡಿ. ಇದು 800 ಆದ್ದರಿಂದ ಇಷ್ಟಕ್ಕೆ ಮುಗಿಯಿತು. 2014ರಲ್ಲೇ ತಯಾರಿ ನಿಂತರೂ ಇದರ ಸಾಮಾನು ಶಿವಮೊಗ್ಗದಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಜೆಸಿ ರಸ್ತೆಯಿಂದ ಮರುದಿನ ಬಸ್ಸಲ್ಲಿ ಬರುತ್ತದೆ. ಅದೇ ಎರಡು ಲಕ್ಷಕ್ಕೆ ಸಿಕ್ಕಿತು ಅಂತ ಹಳೆಯ ವಿದೇಶಿ ದೊಡ್ಡ ಕಾರು ತಂದರೆ ಒಂದು ಸೆನ್ಸರ್‌ಗೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಗಾಡಿ ಕೊಡುವಾಗ ಮೇಷ್ಟ್ರಿಗೆ ಒಂದು ಕೆಲಸ ಹೇಳಿ ಕಳಿಸಿದೆ. ರಾತ್ರಿ ಎಂಜಿನ್ ಕೆಳಗೆ ಬಿಳಿ ರಟ್ಟು ಹಾಕಿ, ಬೆಳಗ್ಗೆ ನೋಡಿ. ಕಂದು ಹನಿ ಇದ್ದರೆ ಆಯಿಲ್, ಹಸಿರು ಇಲ್ಲವೇ ಕೆಂಪು ನೀರಿದ್ದರೆ ಕೂಲೆಂಟ್. ಚಕ್ರದ ಒಳಗಡೆ ಜಿಡ್ಡು ಇಳಿದಿದ್ದರೆ ಬ್ರೇಕ್ ಆಯಿಲ್, ಆಗ ಗಾಡಿ ತೆಗೆಯಲೇಬೇಡಿ. ಮೂರನೇ ವಾರ ರಟ್ಟಿನ ಫೋಟೋ ಬಂತು, ಪುಲ್ಲಿ ಕಡೆ ಮೂರು ಕಂದು ಹನಿ. ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿರಬೇಕು. ಶನಿವಾರ ಶಾಲೆ ಬಿಟ್ಟ ಮೇಲೆ ತರೋಕೆ ಹೇಳಿದೆ.